ತಾಳಗುಪ್ಪಕ್ಕೆ ಉಗಿಬಂಡಿ ಬಿಡೋದು ಹೇಗೆ?

ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಭಾನುವಾರ ನಾವು ಮೂವರು ಗೆಳೆಯರು ಅರಸಾಳು ಸ್ಟೇಷನ್ನಿಗೆ ಹೋಗಿದ್ದೆವು. ಗೊತ್ತಲ್ಲ, ಶಂಕರನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಚಿತ್ರೀಕರಣ ಮಾಡಿದ ಸ್ಟೇಷನ್ನು. ಹಳೇ ಕಟ್ಟಡವನ್ನು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಾಗ ಒಬ್ಬ ಅಂದ, "ಈಗ ಇಲ್ಲಿಗೆ ಬುಸುಗುಡ್ತಾ ಒಂದು ಕರಿ ಎಂಜಿನ್ ಬಂದ್ರೆ ಹೇಗಿರುತ್ತೆ?"

ಅಷ್ಟೇ ಸಾಕಾಯ್ತು. ಮಂಡಕ್ಕಿ ಕಟ್ಟಿದ್ದ ಕಾಗದದ ಹಿಂದೆಯೇ ಯೋಜನೆ ಸಿದ್ಧ. ಬೆಳಿಗ್ಗೆ ಭದ್ರಾವತಿ ಬಿಡೋದು, ಶಿವಮೊಗ್ಗದಲ್ಲಿ ತಿಂಡಿ, ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ, ಅಲ್ಲಿಂದ ಜೋಗ. ಐದು ಬೋಗಿ, ಒಂದು ಎಂಜಿನ್, ಹೊಗೆ, ಫೋಟೋ. ಎಷ್ಟು ಸುಲಭ!

ಮಾರನೇ ದಿನ ಆ ಕಾಗದ ಹಿಡ್ಕೊಂಡು ಭದ್ರಾವತಿಯಲ್ಲಿ ನಮಗೆ ಪರಿಚಯದ ಅಜ್ಜರೊಬ್ಬರ ಮನೆಗೆ ಹೋದೆ. ಬೀರೂರು-ಶಿವಮೊಗ್ಗ-ತಾಳಗುಪ್ಪ ಲೈನಿನಲ್ಲಿ ಫೈರ್‌ಮನ್ ಆಗಿದ್ದವರು. ಕನ್ನಡಕ ಏರಿಸಿ ಓದಿದರು. ನಕ್ಕರು. "ಎಲ್ಲಾ ಬರೆದೀಯ ತಮ್ಮಾ. ನೀರೆಲ್ಲಿ ಹಿಡೀತೀಯ ಮಾರಾಯ?"

ಅಲ್ಲಿಂದ ಶುರುವಾಗಿದ್ದು ನನ್ನ ನಿಜವಾದ ಪಾಠ.

ಉಗಿ ಎಂಜಿನ್ನಿಗೆ ಕಲ್ಲಿದ್ದಲಿಗಿಂತ ಮೊದಲು ಮುಗಿಯೋದು ನೀರು. ಮೀಟರ್ ಗೇಜಿನ ಪ್ಯಾಸೆಂಜರ್ ಎಂಜಿನ್ ವೈಪಿ ಅಂತಿತ್ತಲ್ಲ, ಅದರ ಟೆಂಡರಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ಸಾವಿರ ಗ್ಯಾಲನ್, ಅಂದರೆ 13,600 ಲೀಟರ್. ಒಂದು ಕೆಜಿ ಕಲ್ಲಿದ್ದಲು ಅಂದಾಜು ಆರೇಳು ಕೆಜಿ ನೀರನ್ನು ಉಗಿ ಮಾಡುತ್ತೆ. ಹಾಗಾಗಿ ಎರಡು ಟನ್ ಚಿಲ್ಲರೆ ಕಲ್ಲಿದ್ದಲು ಸುಡುವಷ್ಟರಲ್ಲಿ ನೀರಿನ ತೊಟ್ಟಿ ಖಾಲಿ, ಕಲ್ಲಿದ್ದಲು ಇನ್ನೂ ಬೇಕಾದಷ್ಟು ಬಾಕಿ. ಅದಕ್ಕೇ ಆ ಕಾಲದ ಲೈನುಗಳಲ್ಲಿ ಅಲ್ಲಲ್ಲಿ ನೀರಿನ ಟ್ಯಾಂಕು, ಸೊಂಡಿಲಿನಂಥ ಕೊಳವೆಯ ಕಂಬ. ಈಗ ಅದೆಲ್ಲ ಇಲ್ಲ. ನಮ್ಮ ಉಗಿಬಂಡಿ ಬಂದರೆ ದಾರಿಯಲ್ಲಿ ಟ್ಯಾಂಕರ್ ಲಾರಿ, ಪಂಪು ಇಟ್ಟುಕೊಂಡು ಕಾಯಬೇಕು.

"ಸರಿ, ಏರಿನ ಲೆಕ್ಕ ಹಾಕಿದೀಯ?" ಅಂತ ಮುಂದಿನ ಪ್ರಶ್ನೆ.

ಹಾಕಿರಲಿಲ್ಲ. ಮನೆಗೆ ಬಂದು ಹಾಕಿದೆ. ನೂರು ಮೀಟರಿಗೆ ಒಂದು ಮೀಟರ್ ಏರು ಅಂದರೆ ನಮ್ಮ ಕಣ್ಣಿಗೆ ಸಮತಟ್ಟೇ. ಆದರೆ ಎಂಜಿನ್ನು, ಟೆಂಡರು ಸೇರಿ ನೂರು ಟನ್, ತಲಾ ಮೂವತ್ತು ಟನ್ನಿನ ಐದು ಬೋಗಿ, ಒಟ್ಟು 250 ಟನ್. ಸಮತಟ್ಟಿನಲ್ಲಿ ನಿಧಾನಕ್ಕೆ ಎಳೆಯಲು ಹೆಚ್ಚುಕಡಿಮೆ ಒಂದು ಟನ್ ಎಳೆತ ಸಾಕು. ಈ ಏರು ಬಂತು ಅಂದರೆ ಅದಕ್ಕೇ ಇನ್ನೂ ಎರಡೂವರೆ ಟನ್ ಸೇರುತ್ತೆ. ಮೂರೂವರೆ ಪಟ್ಟು! ಕ್ಯಾಸಲ್‌ರಾಕ್‌ನಿಂದ ಗೋವೆಗಿಳಿಯುವ ಘಟ್ಟದಲ್ಲಿ 37ಕ್ಕೆ 1, ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ 50ಕ್ಕೆ 1. ನೀಲಗಿರಿಯಲ್ಲಂತೂ 12.5ಕ್ಕೆ 1; ಅಲ್ಲಿ ಚಕ್ರ ಜಾರುತ್ತೆ ಅಂತ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ನಮ್ಮ ತಾಳಗುಪ್ಪ ಲೈನು ಘಟ್ಟ ಇಳಿಯೋದೇ ಇಲ್ಲ, ಜೋಗದ 253 ಮೀಟರ್ ಪ್ರಪಾತಕ್ಕೆ ಮೊದಲೇ ನಿಂತುಬಿಡುತ್ತೆ. ಆದರೂ ಮಲೆನಾಡಿನ ದಿಬ್ಬ ಹತ್ತಿ ಇಳಿದು ಹೋಗುವ ದಾರಿ ಅದು.

ಹತ್ತೋದಕ್ಕಿಂತ ದಿಬ್ಬದ ನೆತ್ತಿ ದಾಟೋದೇ ಕಷ್ಟವಂತೆ. ಎಂಜಿನ್ ಮೂತಿ ಕೆಳಗಾದ ಕೂಡಲೇ ಬಾಯ್ಲರಿನ ನೀರೆಲ್ಲ ಮುಂದಕ್ಕೆ ಓಡುತ್ತೆ. ಬೆಂಕಿಗೂಡು ಇರೋದು ಹಿಂದೆ. ಅದರ ನೆತ್ತಿಯ ತಗಡಿನ ಮೇಲೆ ನೀರು ತಪ್ಪಿದರೆ ತಗಡು ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯಬಹುದು. ಅದಕ್ಕೇ ಅಲ್ಲೊಂದು ಸೀಸದ ಪ್ಲಗ್ ಇಟ್ಟಿರುತ್ತಾರೆ. ಅದು ಮೊದಲು ಕರಗಿ ಉಗಿ ನುಗ್ಗಿ ಎಚ್ಚರಿಸುತ್ತೆ. ಹಾಗಂತ ಹತ್ತುವಾಗ ಬಾಯ್ಲರ್ ತುಂಬಿಸಿಟ್ಟರೆ ನೀರು ಉಗಿಯ ಜೊತೆ ಸಿಲಿಂಡರಿಗೆ ಹೋಗಿ ಬೇರೆ ರಾಮಾಯಣ. ನೆತ್ತಿ ಬರುವ ಎಷ್ಟು ಮೊದಲು ನೀರು ಬಿಡಬೇಕು ಅನ್ನೋದನ್ನ ಅಜ್ಜ ಗಾಜಿನ ಕೊಳವೆ ನೋಡಿ, ಆ ಜಾಗದ ಮರ ನೋಡಿ ಹೇಳುತ್ತಿದ್ದರಂತೆ. ಕಪ್ಪು ಹೊಗೆ ಬಂದರೆ ನಮಗೆ ಒಳ್ಳೇ ಫೋಟೋ, ಫೈರ್‌ಮನ್ನಿಗೆ ಡ್ರೈವರ್ ಕೈಲಿ ಬೈಗುಳ! ಕಲ್ಲಿದ್ದಲು ಸರಿಯಾಗಿ ಉರಿದಿಲ್ಲ ಅಂತ ಅರ್ಥ.

ಇನ್ನು ಯಾವ ತಿಂಗಳು? ಜೋಗ ತುಂಬಿರೋ ಆಗಸ್ಟ್, ಸೆಪ್ಟೆಂಬರ್ ಅಂತ ಬರೆದಿದ್ದೆ. ಅಜ್ಜ ತಲೆ ಆಡಿಸಿದರು. ಮಳೆಯಲ್ಲಿ ಕಂಬಿ ಜಾರು, ಉದ್ದಕ್ಕೂ ಮರಳು ಉದುರಿಸಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ಕಿಡಿ ಹಾರಿ ಒಣಗಿದ ಕಾಡಿಗೆ ಬೆಂಕಿ. ನವೆಂಬರ್, ಡಿಸೆಂಬರ್ ಸರಿ, ಆಗ ಜೋಗದಲ್ಲಿ ನೀರಿರಲ್ಲ. "ಒಂದು ಬೇಕು ಅಂದ್ರೆ ಇನ್ನೊಂದು ಬಿಡ್ಬೇಕು ತಮ್ಮಾ."

ಈ ಲೆಕ್ಕದ ನಡುವೆ ನನಗೆ ಹೊಳೆದ ಇನ್ನೊಂದು ವಿಷಯ ಹೇಳ್ತೀನಿ. ಈ ಲೈನು ಯಾರೂ ವಿಹಾರಕ್ಕೆ ಅಂತ ಹಾಕಿದ್ದಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಆಗ ಭದ್ರಾವತಿ ಇನ್ನೂ ಬೆಂಕಿಪುರ. 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಹಾಗಾಗಿ ಸುತ್ತಲಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಅದಿರು ಬಂದಿದ್ದು ಕೆಮ್ಮಣ್ಣುಗುಂಡಿಯಿಂದ. ಆ ಬೆಟ್ಟಕ್ಕೆ ರೈಲು ಹತ್ತಲ್ಲ ಅಂತ ತಂತಿಯ ಮೇಲೆ ತೊಟ್ಟಿಲು ಕಟ್ಟಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಟ್ರಾಂ ಲೈನಿನಲ್ಲಿ ಭದ್ರಾವತಿಗೆ ತಂದರು.

ಶಿವಮೊಗ್ಗದಿಂದ ಮುಂದಿನ ಕಂಬಿ ಹಂತಹಂತವಾಗಿ ಸಾಗಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1939ರಲ್ಲಿ, ಜೋಗದ ವಿದ್ಯುತ್ ಯೋಜನೆ ಶುರುವಾಗಿತ್ತು. ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ ಅಂದರೆ ತಾಳಗುಪ್ಪವೇ. 1948ರಲ್ಲಿ ಜೋಗದಲ್ಲಿ ಕರೆಂಟು ಬಂತು. 1950ರ ದಶಕದ ಆರಂಭದಲ್ಲಿ ಭದ್ರಾವತಿಯಲ್ಲಿ ಅದೇ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದವು. ಅಂದರೆ ನಾವು ಪಿಕ್‌ನಿಕ್ಕಿಗೆ ಅಂತ ಗೆರೆ ಎಳೆದ ದಾರಿಯ ಒಂದು ತುದಿಯಲ್ಲಿ ಸೌದೆ ಉರಿಯುತ್ತಿತ್ತು, ಇನ್ನೊಂದು ತುದಿಯಲ್ಲಿ ಹುಟ್ಟಿದ ಕರೆಂಟು ಬಂದು ಆ ಸೌದೆಯ ಭಾರವನ್ನು ಇಳಿಸಿತು. ಮಧ್ಯೆ ಹೊಗೆ ಬಿಡುತ್ತಾ ಓಡಾಡಿದ್ದು ಅಜ್ಜನಂಥವರ ಎಂಜಿನ್ನು.

ಆಮೇಲಿನ ಕಥೆ ನಿಮಗೆ ಗೊತ್ತು. 1972ರಲ್ಲಿ ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ಮಾಡೋದನ್ನೇ ನಿಲ್ಲಿಸಿತು. 1990ರ ದಶಕದಲ್ಲಿ ಶಿವಮೊಗ್ಗದವರೆಗೆ ಬ್ರಾಡ್‌ಗೇಜ್ ಆಯ್ತು. ಆಚೆಗಿನ ಮೀಟರ್ ಗೇಜಿನಲ್ಲಿ ಪುಟಾಣಿ ರೈಲ್ ಬಸ್ ಒಂದಷ್ಟು ವರ್ಷ ಓಡಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್. ಹಾಗಾಗಿ ಹಳೇ ವೈಪಿ ಎಂಜಿನ್ ಎಲ್ಲಾದರೂ ಸಿಕ್ಕರೂ ಇಲ್ಲಿ ಅದಕ್ಕೆ ಕಂಬಿಯೇ ಇಲ್ಲ. ಹರಿಯಾಣದ ರೇವಾಡಿಯಲ್ಲಿ ಬ್ರಾಡ್‌ಗೇಜ್ ಉಗಿ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ಹಗುರದ ಡಬ್ಲ್ಯೂಎಲ್ ಒಂದನ್ನು ತಂದರೆ, ದುಡ್ಡು ಮತ್ತು ಅನುಮತಿ ಎರಡೂ ಇದ್ದರೆ, ಆಗದ ಕೆಲಸವೇನಲ್ಲ.

ಇಷ್ಟನ್ನೂ ಖುಷಿಯಿಂದ ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಜಿನ್ ತರಿಸ್ತೀಯ. ಸಲಿಕೆ ಯಾರ ಕೈಗೆ ಕೊಡ್ತೀಯ?" ಅಂದರು.

ಉತ್ತರ ಇರಲಿಲ್ಲ. 1990ರಲ್ಲಿ ಇಪ್ಪತ್ತೈದರ ಹುಡುಗನಾಗಿ ಸಲಿಕೆ ಹಿಡಿದವರಿಗೂ ಈಗ ಅರವತ್ತು. ಅಜ್ಜನಿಗೆ ಎಂಬತ್ತರ ಹತ್ತಿರ. ಎಂಜಿನ್ನನ್ನು ಮ್ಯೂಸಿಯಂನಲ್ಲಿ ಬಣ್ಣ ಹೊಡೆದು ನಿಲ್ಲಿಸಬಹುದು, ಸ್ಟೇಷನ್ನಿನ ಹೆಂಚನ್ನು ಮತ್ತೆ ಹೊದಿಸಬಹುದು. ಯಾವ ದಿಬ್ಬಕ್ಕೆ ಎಷ್ಟು ಮೊದಲು ನೀರು ಬಿಡಬೇಕು ಅನ್ನೋದು ಇರೋದು ಈ ಕೆಲವರ ತಲೆಯಲ್ಲಿ ಮಾತ್ರ, ಎಲ್ಲೂ ಬರೆದಿಟ್ಟಿಲ್ಲ.

ಮಂಡಕ್ಕಿ ಕಾಗದ ಇನ್ನೂ ನನ್ನ ಹತ್ತಿರ ಇದೆ. 'ಎಂಜಿನ್' ಅಂತ ಇದ್ದ ಮೊದಲ ಸಾಲನ್ನು ಹೊಡೆದು 'ಅಜ್ಜ' ಅಂತ ಬರೆದಿದ್ದೇನೆ. ಈಗ ಪ್ರತಿ ಭಾನುವಾರ ಅವರ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡ್ತೀನಿ. ಕುಂಸಿವರೆಗೆ ಮುಗಿದಿದೆ, ಮುಂದಿನ ವಾರ ಅರಸಾಳು. ತಾಳಗುಪ್ಪ ಮುಟ್ಟೋಕೆ ಇನ್ನೂ ನಾಲ್ಕೈದು ವಾರ ಬೇಕು.

ನಿಮ್ಮೂರು ಬೀರೂರೋ, ಅರಸೀಕೆರೆಯೋ, ಹರಿಹರವೋ, ಹುಬ್ಬಳ್ಳಿಯೋ ಆಗಿದ್ದರೆ ಬೀದಿಯಲ್ಲಿ ಒಬ್ಬರಾದರೂ ಇಂಥ ಅಜ್ಜ ಇರ್ತಾರೆ. ಹೋಗಿ ಒಂದು ಗಂಟೆ ಕೂತು ಬನ್ನಿ. ಉಗಿಬಂಡಿ ಬರುತ್ತೋ ಇಲ್ವೋ, ಆಮೇಲೆ ನೋಡೋಣ.