ಮೇಜು ಹೊತ್ತವರು



‘ರೋಮನ್ ಹಾಲಿಡೇ’ ನೋಡಿದ್ದೀರಲ್ಲವೇ? 1953ರ ಕಪ್ಪು-ಬಿಳುಪು ಚಿತ್ರ. ಕೊನೆಯಲ್ಲಿ ರಾಜಕುಮಾರಿ ಪತ್ರಕರ್ತರಿಗೆಲ್ಲ ವಿದಾಯ ಹೇಳಿ ಒಳಗೆ ಹೋಗುತ್ತಾಳೆ. ಗ್ರೆಗರಿ ಪೆಕ್ ಆ ಭವ್ಯ ಹಜಾರದಲ್ಲಿ ಒಬ್ಬನೇ ಹೆಜ್ಜೆ ಹಾಕುತ್ತಾನೆ. ಆ ಹಜಾರ ಸ್ಟುಡಿಯೋದ ಸೆಟ್ ಅಲ್ಲ, ರೋಮ್‌ನ ಕೊಲೊನ್ನಾ ಅರಮನೆಯದು. ಇವತ್ತಿನ ಮಾತು ಅಲ್ಲಿ ಗೋಡೆಗೊತ್ತಿ ಇಟ್ಟಿರುವ ಮೇಜುಗಳದ್ದು.

ಊಟಕ್ಕಾಗಲಿ ಬರವಣಿಗೆಗಾಗಲಿ ಮಾಡಿದ ಮೇಜುಗಳಲ್ಲ ಇವು. ಬಂದವರು ನೋಡಬೇಕು, ಅಷ್ಟೇ! ಮೇಲೆ ನುಣುಪಾದ ಅಮೃತಶಿಲೆಯ ಹಲಗೆ. ಅದನ್ನು ಹೊತ್ತವರು ಮರದಲ್ಲಿ ಕೆತ್ತಿದ ಮನುಷ್ಯರು, ಸೆರೆಸಿಕ್ಕ ತುರ್ಕರು. ಮೈಯೆಲ್ಲ ಚಿನ್ನ. ಇಂಥ ಕೆಲಸದಲ್ಲಿ ಮರಕ್ಕೆ ಮೊದಲು ಸುಣ್ಣ-ಅಂಟಿನ ಲೇಪ, ಅದರ ಮೇಲೆ ಕೆಂಪು ಜೇಡಿ, ಆಮೇಲೆ ಚಿನ್ನದ ರೇಕು. ಮೈಸೂರು ಶೈಲಿಯ ಚಿತ್ರ ಬರೆಯುವುದನ್ನು ನೋಡಿದವರಿಗೆ ಈ ಕ್ರಮ ತೀರಾ ಹೊಸದೆನಿಸದು.

ತುರ್ಕರೇ ಏಕೆ? 1571ರ ಅಕ್ಟೋಬರ್ 7ರಂದು ಗ್ರೀಸ್ ಬಳಿಯ ಲೆಪಾಂಟೋದಲ್ಲಿ ಆಟೋಮನ್ನರ ನೌಕಾಪಡೆ ಸೋತಿತು. ಗೆದ್ದ ಕೂಟದಲ್ಲಿ ಪೋಪರ ಹಡಗುಗಳ ದಳಪತಿ ಮಾರ್ಕಾಂಟೋನಿಯೋ ಕೊಲೊನ್ನಾ. ನೂರು ವರ್ಷ ಕಳೆದ ಮೇಲೂ ಮನೆತನ ಅದನ್ನು ಮರೆಯಲಿಲ್ಲ. ಹಜಾರದ ಚಾವಣಿಯಲ್ಲಿ ಅವನ ಗೆಲುವಿನ ಚಿತ್ರ ಬರೆಸಿತು. ಮೇಲೆ ಯುದ್ಧ, ಕೆಳಗೆ ಸೋತವರ ಹೆಗಲ ಮೇಲೆ ಕಲ್ಲು.

ನನ್ನನ್ನು ತಡೆದು ನಿಲ್ಲಿಸುವುದು ಇದು: ಆ ಕಾಲದ ಯುದ್ಧನೌಕೆ ನಡೆಯುತ್ತಿದ್ದುದೇ ಹುಟ್ಟು ಹಾಕುವವರ ತೋಳಬಲದಿಂದ. ಎರಡೂ ಕಡೆ ಅವರಲ್ಲಿ ಎಷ್ಟೋ ಜನ ಸಂಕೋಲೆಯಲ್ಲಿದ್ದ ಗುಲಾಮರು. ಅಂದು ಆಟೋಮನ್ ಹಡಗುಗಳಿಂದ ಸಾವಿರಾರು ಕ್ರೈಸ್ತ ಗುಲಾಮರು ಬಿಡುಗಡೆಯಾದರು. ಸೆರೆಸಿಕ್ಕ ತುರ್ಕರಲ್ಲಿ ಅನೇಕರು ಗೆದ್ದವರ ಹಡಗುಗಳಲ್ಲಿ ಹುಟ್ಟು ಹಿಡಿದರು. ಸಂಕೋಲೆ ಕಾಲು ಬದಲಿಸಿತು, ಅಷ್ಟೇ. ಕೆತ್ತಿದವನ ಉಳಿ ಬಲು ನಯವಾದದ್ದು, ಒಪ್ಪುತ್ತೇನೆ. ಆದರೆ ಇವುಗಳನ್ನು ಬರೀ ‘ಸುಂದರ ಪೀಠೋಪಕರಣ’ ಎಂದು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಅದೇ ಹಜಾರದ ಮೆಟ್ಟಿಲ ಮೇಲೆ ಒಂದು ಫಿರಂಗಿ ಗುಂಡೂ ಇದೆ. 1849ರಲ್ಲಿ ಫ್ರೆಂಚ್ ಸೈನ್ಯ ರೋಮ್‌ಗೆ ಮುತ್ತಿಗೆ ಹಾಕಿದಾಗ ಒಳಗೆ ಬಂದು ಬಿದ್ದದ್ದು. ಮೆಟ್ಟಿಲು ಒಡೆಯಿತು. ಮನೆಯವರು ಗುಂಡನ್ನು ತೆಗೆಸಲಿಲ್ಲ, ಬಿದ್ದಲ್ಲೇ ಬಿಟ್ಟರು. ಅರಮನೆ ಇಂದಿಗೂ ಕೊಲೊನ್ನಾ ಮನೆತನದ್ದೇ. ಟಿಕೆಟ್ ಕೊಂಡು ಒಳಗೆ ಹೋದವರಿಗೆ ಆ ಗುಂಡನ್ನೂ ತೋರಿಸುತ್ತಾರೆ.