ಕಿವಿಯ ಮಿಷನ್‌ಗೆ ಯಾವ ಸೆಲ್?

ಶ್ರವಣ ಸಾಧನ ಕೊಳ್ಳಲು ಹೋದವರು ಬೆಲೆ ಕೇಳುತ್ತಾರೆ, ಹೊರಗೆ ಕಾಣುತ್ತದೆಯೇ ಎಂದು ಕೇಳುತ್ತಾರೆ. ಅದರೊಳಗಿನ ಸೆಲ್ ಬಗ್ಗೆ ಕೇಳುವವರು ಕಡಿಮೆ. ಆದರೆ ಈ ಸಾಧನದ ಗಾತ್ರ, ಶಕ್ತಿ, ದಿನನಿತ್ಯದ ಖರ್ಚು ಮೂರೂ ಹಿಂದಿನಿಂದಲೂ ಸೆಲ್ಲನ್ನೇ ಅವಲಂಬಿಸಿ ಬಂದಿವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಅಕೌಫೋನ್ ಎಂಬ ವಿದ್ಯುತ್ ಶ್ರವಣ ಸಾಧನವನ್ನು ರೂಪಿಸಿದ. ಅದರ ನಂತರದ ನಿರ್ವಾತ ಕೊಳವೆಯ ಸಾಧನಗಳಿಗೆ ಎರಡು ಬಗೆಯ ಬ್ಯಾಟರಿ ಬೇಕಿತ್ತು: ತಂತಿಯನ್ನು ಕಾಯಿಸಲು ಒಂದು, ಹೆಚ್ಚಿನ ವೋಲ್ಟೇಜ್ ಕೊಡಲು ಇನ್ನೊಂದು. ಬ್ಯಾಟರಿಯ ಪೊಟ್ಟಣವನ್ನು ಮೈಗೆ ಕಟ್ಟಿಕೊಂಡೇ ಓಡಾಡಬೇಕಿತ್ತು.

ಈ ಹೊರೆ ಇಳಿದದ್ದು ಎರಡು ಹಂತಗಳಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ರುಬೆನ್ ಪುಟ್ಟ ಪಾದರಸದ ಸೆಲ್ಲನ್ನು ಬಳಕೆಗೆ ತಂದ. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1952ರ ಕೊನೆಗೆ ಸೊನೊಟೋನ್ ಕಂಪನಿ ಅದನ್ನು ಶ್ರವಣ ಸಾಧನದಲ್ಲಿ ಅಳವಡಿಸಿತು. ಕೊಳವೆಗಳು ಪೂರ್ತಿ ಮರೆಯಾದಾಗ ಹೆಚ್ಚಿನ ವೋಲ್ಟೇಜಿನ ಬ್ಯಾಟರಿಯೂ ಬೇಡವಾಯಿತು, ಸಾಧನ ಕಿವಿಯ ಹಿಂದಕ್ಕೆ ಸರಿಯಿತು. ಆದರೆ ಪಾದರಸ ವಿಷ. ಅಮೆರಿಕ 1996ರ ಕಾನೂನಿನಿಂದ ಪಾದರಸ ಆಕ್ಸೈಡಿನ ಬಟನ್ ಸೆಲ್‌ಗಳ ಮಾರಾಟ ನಿಲ್ಲಿಸಿತು.

ಅಷ್ಟರಲ್ಲಿ 1970ರ ದಶಕದಲ್ಲೇ ಮಾರುಕಟ್ಟೆಗೆ ಬಂದಿದ್ದ ಜಿಂಕ್-ಏರ್ ಸೆಲ್ ಆ ಜಾಗ ತುಂಬಿತ್ತು. ಇದು ತನಗೆ ಬೇಕಾದ ಆಮ್ಲಜನಕವನ್ನು ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಒಳಗಿನ ಜಾಗ ಬಹುಪಾಲು ಸತುವಿಗೇ (ಜಿಂಕ್) ಸಿಗುತ್ತದೆ. ಅಷ್ಟೇ ಗಾತ್ರದಲ್ಲಿ ಹೆಚ್ಚು ಕಾಲ ನಡೆಯುತ್ತದೆ. ಸೆಲ್ಲಿನ ಗಾಳಿರಂಧ್ರ ಮುಚ್ಚಿರುವ ಸ್ಟಿಕ್ಕರ್ ಕಿತ್ತ ಕ್ಷಣದಿಂದ ಗಾಳಿ ಒಳಹೊಗುತ್ತದೆ, ಮತ್ತೆ ಅಂಟಿಸಿದರೆ ಪ್ರಯೋಜನವಿಲ್ಲ. ಕಿತ್ತ ಮೇಲೆ ಕೆಲವು ನಿಮಿಷ ಹೊರಗಿಟ್ಟು ಆಮೇಲೆ ಹಾಕುವುದು ಒಳ್ಳೆಯದು.

ಸ್ಟಿಕ್ಕರ್‌ನ ಬಣ್ಣವೇ ಅಳತೆಯ ಗುರುತು. ಹಳದಿಯದು 10, ಕಂದು 312, ಕಿತ್ತಳೆ 13, ನೀಲಿ 675. ವೋಲ್ಟೇಜ್ ಎಲ್ಲಕ್ಕೂ ಸುಮಾರು 1.4. ವ್ಯತ್ಯಾಸವಿರುವುದು ಸಾಮರ್ಥ್ಯದಲ್ಲಿ: 10ರದು ಸುಮಾರು 100 ಮಿಲಿಆಂಪಿಯರ್-ಗಂಟೆ, 675ರದು 600ರ ಆಸುಪಾಸು. ತೀವ್ರ ಶ್ರವಣದೋಷಕ್ಕೆ ಬಳಸುವ ಬಲವಾದ ಸಾಧನಗಳಿಗೆ 675 ಹೊಂದುತ್ತದೆ. ಕಾಕ್ಲಿಯರ್ ಇಂಪ್ಲಾಂಟ್‌ನ ಹೊರಭಾಗಕ್ಕೆ ಬಿಸಾಡುವ ಸೆಲ್ ಹಾಕುವುದಾದರೆ, ಅದೇ ಗಾತ್ರದಲ್ಲಿ ಹೆಚ್ಚು ವಿದ್ಯುತ್ ಒದಗಿಸುವ ಇಂಪ್ಲಾಂಟ್ ಬಗೆಯನ್ನೇ ಕೇಳಿ ಪಡೆಯಬೇಕು.

ಗಾಳಿಯನ್ನೇ ನಂಬಿದ ಸೆಲ್ಲಿಗೆ ಹವೆಯೂ ಮುಖ್ಯ. ಒಣಹವೆಯಲ್ಲಿ ಒಳಗಿನ ತೇವ ಆರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಒಳಸೇರುತ್ತದೆ. ಎರಡರಿಂದಲೂ ಬಾಳಿಕೆ ಕುಂದುತ್ತದೆ. ಇಂಥ ಹವೆಯ ಊರುಗಳಲ್ಲಿರುವವರು ಒಂದೇ ಸಲ ವರ್ಷಕ್ಕಾಗುವಷ್ಟು ಕೊಂಡಿಡಬಾರದು, ಫ್ರಿಜ್‌ನಲ್ಲಂತೂ ಇಡಲೇಬಾರದು.

2016ರಿಂದೀಚೆಗೆ ಲಿಥಿಯಂ-ಅಯಾನ್ ಸೆಲ್ ಒಳಗೇ ಕೂತ ಸಾಧನಗಳು ಹೆಚ್ಚಾದವು. ರಾತ್ರಿ ಚಾರ್ಜಿಗಿಟ್ಟರೆ ಹಗಲಿಡೀ ನಡೆಯುತ್ತವೆ. ಬೆರಳು ನಡುಗುವ, ದೃಷ್ಟಿ ಮಂದವಾದ ಹಿರಿಯರಿಗೆ ಇದು ದೊಡ್ಡ ಉಪಕಾರ. ಆದರೆ ಪದೇಪದೇ ಕರೆಂಟ್ ಹೋಗುವ ಊರಿನಲ್ಲಿ, ದಿನಗಟ್ಟಲೆ ಪ್ರಯಾಣದಲ್ಲಿ, ಜೇಬಿನಲ್ಲಿರುವ ಬಿಡಿ ಸೆಲ್ಲೇ ಆಸರೆ. ವರ್ಷಗಳು ಕಳೆದಂತೆ ಲಿಥಿಯಂ-ಅಯಾನ್ ಸೆಲ್ಲಿನಲ್ಲಿ ಚಾರ್ಜ್ ಉಳಿಯುವ ಅವಧಿಯೂ ಕುಗ್ಗುತ್ತದೆ. ಆಗ ಅದನ್ನು ಬದಲಿಸಿಕೊಡುವವರು ಯಾರು, ಎಷ್ಟಾಗುತ್ತದೆ ಎಂಬುದನ್ನು ಕೊಳ್ಳುವಾಗಲೇ ವಿಚಾರಿಸಬೇಕು.

ನಮ್ಮಲ್ಲಿ ಇಂದಿಗೂ ಪೆನ್ಸಿಲ್ ಸೆಲ್ ಹಾಕುವ, ಜೇಬಿನಲ್ಲಿಟ್ಟುಕೊಳ್ಳುವ ಸಾಧನಗಳನ್ನು ಬಳಸುವವರಿದ್ದಾರೆ. ನೋಡಲು ಹಳೆಯವಾದರೂ ಅವುಗಳ ಸೆಲ್ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. 675 ಅಥವಾ 312 ಬೇಕೆಂದರೆ ಅನೇಕರು ಪೇಟೆಗೇ ಹೋಗಬೇಕು.

ಎಚ್ಚರಿಕೆಯ ಮಾತೊಂದು: ಬಟನ್ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅಥವಾ ಮೂಗಿಗೆ, ಕಿವಿಗೆ ತುರುಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳು ಧರಿಸುವ ಸಾಧನಕ್ಕೆ ಬೀಗವಿರುವ ಸೆಲ್ ಮುಚ್ಚಳ ಇರಲಿ.

ಸೆಲ್ ಮುಗಿದ ಸಾಧನ ಪೆಟ್ಟಿಗೆ ಸೇರಿದರೆ, ಅದನ್ನು ಧರಿಸುತ್ತಿದ್ದವರು ಮತ್ತೆ ಮನೆಯ ಮಾತುಕತೆಯಿಂದ ಹೊರಗುಳಿಯುತ್ತಾರೆ. ಆದ್ದರಿಂದ ಶ್ರವಣದೋಷದ ತೀವ್ರತೆ, ಬೆರಳಿನ ಹಿಡಿತ, ಊರಿನ ಹವೆ, ಅಂಗಡಿಯ ದೂರ ಇವನ್ನೆಲ್ಲ ಶ್ರವಣ ತಜ್ಞರ ಮುಂದೆ ಮೊದಲೇ ಹೇಳಿಕೊಂಡು ಸಾಧನ ಆರಿಸಬೇಕು. ಉಚಿತವಾಗಿ ಸಾಧನ ಹಂಚುವವರು ಮುಂದಿನ ಸೆಲ್ ಎಲ್ಲಿ ಸಿಗುತ್ತದೆ ಎಂಬುದನ್ನೂ ತಿಳಿಸಿ ಕಳಿಸಬೇಕು.