ಮೊಣಕಾಲಿನ ಸೂಜಿಮದ್ದು

ವಾಚಕರೇ, ಚಿಕ್ಕೇರೂರಿನ ಸುತ್ತಲ ಹೊಲಗಳಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆದವರಿಗೆ ಮೊಣಕಾಲುನೋವಿನ ವರ್ಣನೆ ಬೇಕಿಲ್ಲ. ಸವೆದ ಕೀಲನ್ನು ಮರಳಿ ಬೆಳೆಸುವ ಇಂಜೆಕ್ಷನ್ನಿನ ಸುದ್ದಿ ಈಗ ಅವರ ಕಿವಿಗೂ ಬಿದ್ದಿದೆ. ಅದಕ್ಕಾಗಿ ಹೊಲವನ್ನು ಒತ್ತೆಯಿಡುವ ಮುನ್ನ ಹಿಂದಿನ ಕಥೆಯನ್ನು ತುಸು ಕೇಳಿರಿ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕೀಲುವಾತದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿಸಿದರು. ಹಾಸಿಗೆಯಿಂದ ಏಳಲಾರದಿದ್ದವಳು ವಾರದೊಳಗೆ ಅಂಗಡಿ ಸುತ್ತಿ ಬಂದಳು! 1950ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಮದ್ದು ಸಿಗಬೇಕಲ್ಲ? ಎತ್ತಿನ ಪಿತ್ತರಸದಿಂದ 30ಕ್ಕೂ ಮಿಕ್ಕ ಹಂತಗಳಲ್ಲಿ ಅದನ್ನು ತಯಾರಿಸಬೇಕಾಗಿತ್ತು. ಮೊದಮೊದಲು ಗ್ರಾಮಿಗೆ 200 ಡಾಲರು. ಕಡೆಗೆ ಮೆಕ್ಸಿಕೋದ ಕಾಡುಗೆಣಸೂ 1952ರಲ್ಲಿ ಪಳಗಿಸಿದ ಒಂದು ಬೂಷ್ಟೂ ಸೇರಿ ಬೆಲೆಯನ್ನು ನೆಲಕ್ಕಿಳಿಸಿದವು. ಅಂಗಳದ ಕಸವೆಂದು ನಾವು ಒರೆಸಿ ಬಿಸಾಡುವ ಬೂಷ್ಟು! ಆದರೂ ಆ ಮದ್ದು ಉರಿಯೂತವನ್ನು ತಣಿಸಿತೇ ಹೊರತು, ಕೀಲಿನ ಮೆತ್ತೆಯಾದ ಮೃದ್ವಸ್ಥಿಯನ್ನು ಬೆಳೆಸಲಿಲ್ಲ.

ಬೆಳೆಸುವ ಆಸೆ ಹುಟ್ಟಿಸಿದ್ದು ರೋಗಿಯ ನೆತ್ತರಿನಿಂದಲೇ ತೆಗೆಯುವ ಪಿ.ಆರ್.ಪಿ. 2021ರಲ್ಲಿ ಆಸ್ಟ್ರೇಲಿಯದವರು 288 ಮಂದಿಯಲ್ಲಿ ಅದನ್ನು ಬರಿಯ ಉಪ್ಪುನೀರಿನೊಡನೆ ಹೋಲಿಸಿದರು. ವರ್ಷದ ಕೊನೆಗೆ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಉಪ್ಪುನೀರಿಗೆ ಎಷ್ಟು ಬೆಲೆಯೆಂಬುದನ್ನು ನೀವೇ ಬಲ್ಲಿರಿ.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಆಕರಕೋಶಗಳ ಮದ್ದು 2022ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಜೀವಕೋಶಗಳನ್ನು ದ್ರವ ಸಾರಜನಕದ ಅತಿಶೀತದಲ್ಲಿ ಕಾದಿರಿಸಬೇಕು. ಹಿರೇಕೆರೂರಿನ ಔಷಧದ ಅಂಗಡಿಯ ಫ್ರಿಜ್ಜಿಗೆ ಅದು ಆಗುವ ಮಾತಲ್ಲ.